ಗುಂಡಿ ಹಾಕೋದೊಂದೇ ಬಾಕಿ

ಎಲ್ಲದಕ್ಕೂ ಕಾರಣ ಭಾನುವಾರದ ಆ ಪ್ರಸಂಗ. "ನಾನು ಪಾಪಿ, ನಾನು ಪಾಪಿ ಅಂತ ಸುಮ್ಮನೆ ಎದೆ ಬಡಿದುಕೊಂಡರೆ ಆಗಲಿಲ್ಲ. ಯಾವ ಪಾಪ ಅಂತ ಹೆಸರಿಟ್ಟು ಹೇಳಿ, ಅದಕ್ಕೆ ಬೆನ್ನು ತಿರುಗಿಸಿ" ಎಂದು ಪಾದ್ರಿಗಳು ಹೇಳಿದ್ದೇ ತಡ, ಹಿಂದಿನ ಬೆಂಚಿನಲ್ಲಿದ್ದ ದರ್ಜಿಯ ಪಕ್ಕೆಗೆ ಹೆಂಡತಿಯ ಮೊಣಕೈ ತಿವಿಯಿತು. ತಿವಿದ ರಭಸಕ್ಕೋ ಪವಿತ್ರಾತ್ಮನ ಪ್ರೇರಣೆಗೋ, ಅವನು ಎದ್ದೇ ನಿಂತುಬಿಟ್ಟ.

"ಅಯ್ಯನವರೇ, ನನ್ನ ಪಾಪ ಸುಳ್ಳು. ನಾಳೆಯಿಂದ ಹೇಳಲ್ಲ."

ಇಡೀ ಚರ್ಚು ಗೊಳ್ಳೆಂದು ನಕ್ಕಿತು. ಅವನ ನಾಳೆ ಎಂಥದ್ದೆಂದು ಕೂತವರಿಗೆಲ್ಲ ಗೊತ್ತಿತ್ತು. ಊರಿನವರು ಅವನನ್ನು ಕರೆಯುತ್ತಿದ್ದುದೇ ನಾಳೆಯಪ್ಪ ಎಂದು. ಬಟ್ಟೆ ಕೇಳಲು ಹೋದವರಿಗೆಲ್ಲ "ಆಗೋಯ್ತು, ಗುಂಡಿ ಹಾಕೋದೊಂದೇ ಬಾಕಿ, ನಾಳೆ ಬನ್ನಿ" ಎನ್ನುತ್ತಿದ್ದ. ಬಟ್ಟೆ ಮಾತ್ರ ಕೊಟ್ಟ ಗಂಟಿನಲ್ಲೇ ನಿದ್ದೆ ಹೊಡೆಯುತ್ತಿರುತ್ತಿತ್ತು. ಪಾದ್ರಿಗಳು ಹೊಸ ನಿಲುವಂಗಿಗೆ ಕೊಟ್ಟ ಬಿಳಿ ಬಟ್ಟೆಯೂ ಆ ಗಂಟುಗಳಲ್ಲೊಂದು. "ಗುಂಡಿ ಮಾತ್ರ ನನ್ನ ಹಳೇ ಅಂಗಿದೇ ಬಿಚ್ಚಿ ಹಾಕಪ್ಪ, ನಮ್ಮಮ್ಮ ಕೊಡಿಸಿದ್ದು" ಎಂದು ಅವರು ಹೇಳಿ ಎಷ್ಟೋ ಕಾಲವಾಗಿತ್ತು. ಹಳೇ ಅಂಗಿ ಅವರ ಮೈಮೇಲೇ ಸವೆಯುತ್ತಿತ್ತು.

ಪಾದ್ರಿಗಳು ಮಾತ್ರ ನಗಲಿಲ್ಲ. "ಒಳ್ಳೇದು. ನಾಳೆ ಸಂಜೆ ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಹೇಳು" ಎಂದರು.

ಮನೆಯ ದಾರಿಯಲ್ಲಿ ಹೆಂಡತಿ ನಿಟ್ಟುಸಿರು ಬಿಟ್ಟಳು. "ಒಂದೇ ಒಂದು ಸಲ ನಿಮ್ಮ ಮಾತನ್ನ ಯಾರಾದ್ರೂ ತಕ್ಷಣ ನಂಬೋದು ನೋಡ್ಬೇಕು ರೀ. ಅಷ್ಟು ಸಾಕು. ನನ್ನ ಗೌನು ಹೋಗ್ಲಿ ಬಿಡಿ." ಮದುವೆಯಾದ ವರ್ಷ ಅವಳ ತಾಯಿ ಕೊಟ್ಟ ಬಟ್ಟೆಯದು ಆ ಗೌನು. ಅವನ ಮಾತಿನ ಪ್ರಕಾರ ಅದಕ್ಕೂ ಗುಂಡಿ ಹಾಕುವುದೊಂದೇ ಬಾಕಿ ಇತ್ತು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ನಂಬಿಸಿಯೇ ತೀರುತ್ತೇನೆಂದು ಪಣ ತೊಟ್ಟ.

ಸೋಮವಾರ ಹೊಲಿಗೆ ಯಂತ್ರಕ್ಕೆ ಇನ್ನೂ ಎಣ್ಣೆ ಬಿಟ್ಟಿರಲಿಲ್ಲ, ಶಾಲೆಯ ಟೀಚರಮ್ಮ ಬಂದರು.

"ಏನ್ರೀ, ನನ್ನ ಕೋಟಿಗೆ ಗುಂಡಿ ಹಾಕಿ ಆಯ್ತಾ?"

ನಾಲಿಗೆ ಅಭ್ಯಾಸಬಲದಿಂದ "ನಾ..." ಎಂದು ಹೊರಟಿತು. ಅವನು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ.

"ಟೀಚರಮ್ಮ, ನಿಮ್ಮ ಬಟ್ಟೆಗೆ ಇನ್ನೂ ಕತ್ತರಿನೇ ತಾಗಿಲ್ಲ."

"ಮತ್ತೆ ಹೋದ ವಾರ ತೋಳು ಆಗಿದೆ ಅಂತ ತೋರಿಸಿದ್ರಿ?"

"ಅದು ಬೇರೆಯವರ ತೋಳು."

"ಹಾಗಾದ್ರೆ ನನ್ನ ಬಟ್ಟೆ ಇಷ್ಟು ದಿನ ಏನ್ ಮಾಡ್ತಿತ್ತು?"

"ಮಧ್ಯಾಹ್ನ ಊಟ ಆದ್ಮೇಲೆ ತಲೆಗೆ ಇಟ್ಕೋತಿದ್ದೆ. ಒಳ್ಳೇ ಮೆತ್ತಗಿದೆ."

ಟೀಚರಮ್ಮ ಗಂಟು ಕಿತ್ತುಕೊಂಡು ಹೋದರು. ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ಸಮೇತ ಓಡಿಬಂದ. "ಲೋ ನಾಳೆಯಪ್ಪ, ಸತ್ಯ ಹೇಳ್ಬೇಡ ಅನ್ನಲ್ಲ. ಆದ್ರೆ ಇಷ್ಟೊಂದು ಒಂದೇ ಸಲ ಹೇಳಿದ್ರೆ ಯಾರಿಗೆ ಜೀರ್ಣ ಆಗುತ್ತೆ? ಸ್ವಲ್ಪ ಸ್ವಲ್ಪ ಹೇಳು."

ಅಷ್ಟರಲ್ಲಿ ಬ್ಯಾಂಡ್ ಮಾಸ್ತರ ಬಂದ. ಪುಣ್ಯಕ್ಕೆ ಅವನ ಕೋಟು ಪೂರ್ತಿಯಾಗಿ ತೂಗುತ್ತಿತ್ತು. ಬದುಕಿದೆ ಎಂದುಕೊಂಡು ದರ್ಜಿ ತೊಡಿಸಿದ.

"ತೋಳು ಯಾಕಯ್ಯ ಇಷ್ಟು ಗಿಡ್ಡ?"

"ಚಹಾ ಚೆಲ್ಲಿತ್ತು. ಅಷ್ಟನ್ನ ಒಳಗೆ ಮಡಚಿ ಹೊಲಿದೆ."

"ಚೆಲ್ಲಿದ್ದು ಯಾರು?"

"ನಾನೇ. ಷಡ್ಡಕನ ಮನೆಗೆ ಹಾಕ್ಕೊಂಡು ಹೋಗಿದ್ದೆ. ಎಲ್ಲರೂ ಚೆನ್ನಾಗಿದೆ ಅಂದ್ರು."

ಬ್ಯಾಂಡ್ ಮಾಸ್ತರನ ಕೆನ್ನೆಗಳು ತುತ್ತೂರಿ ಊದುವಾಗಿನಂತೆ ಉಬ್ಬಿದವು. ಗಡಿಯಾರದವನಿಗೆ ಇಂಥ ಸುದ್ದಿ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ಅಂಗಡಿಗೆ ಬೀಗ ಜಡಿದು ಬೀದಿ ಬೀದಿ ತಿರುಗಿದ. ಮಧ್ಯಾಹ್ನದೊಳಗೆ ಬಟ್ಟೆ ಕೊಟ್ಟವರೆಲ್ಲ ಬಂದರು, ಕೇಳಿದರು, ಬೈದರು, ಗಂಟು ಹೊತ್ತು ನಡೆದರು. ಗೂಡುಗಳೆಲ್ಲ ಖಾಲಿ. ಉಳಿದದ್ದು ಪಾದ್ರಿಗಳ ಬಿಳಿ ಬಟ್ಟೆ, ಮೂಲೆಯಲ್ಲಿ ಯಾರೂ ಕೇಳಿಕೊಂಡು ಬರದ ಒಂದು ನೀಲಿ ಬಟ್ಟೆ, ಅಷ್ಟೇ.

ದರ್ಜಿ ಅಳಬೇಕಿತ್ತು. ಬದಲಿಗೆ ಶಿಳ್ಳೆ ಹೊಡೆಯಬೇಕೆನಿಸಿತು. ಬೀದಿಯಲ್ಲಿ ಹೆಜ್ಜೆ ಸದ್ದಾದರೆ ಇನ್ನು ಮೇಜಿನ ಕೆಳಗೆ ಬಗ್ಗಬೇಕಾಗಿರಲಿಲ್ಲ. ಎದೆ ಎಷ್ಟು ಹಗುರವಾಗಿತ್ತೆಂದರೆ ಬಿಳಿ ಬಟ್ಟೆ ಹರಡಿ, ಕತ್ತರಿಸಿ, ಊಟವನ್ನೂ ಮರೆತು ಹೊಲಿಯಲು ಕೂತ. ಬಟ್ಟೆ ತೆಳುವೆನಿಸಿದಾಗ ಆ ನೀಲಿ ಬಟ್ಟೆಯನ್ನೇ ಕತ್ತರಿಸಿ ಒಳಗೆ ಲೈನಿಂಗ್ ಕೊಟ್ಟ. ಸಂಜೆಗೆ ಕಾಜಗಳೂ ಮುಗಿದವು. ಗುಂಡಿಗಳು ಮಾತ್ರ ಪಾದ್ರಿಗಳ ಎದೆಯ ಮೇಲಿದ್ದವು.

ನಿಲುವಂಗಿಯನ್ನು ಚೀಲದಲ್ಲಿಟ್ಟುಕೊಂಡು ಕೂಟಕ್ಕೆ ಹೋಗಿ, ಎದ್ದುನಿಂತು, "ಇವತ್ತು ನಾನು ಒಂದೂ ಸುಳ್ಳು ಹೇಳಿಲ್ಲ" ಎಂದ. ಗಂಟು ವಾಪಸು ಪಡೆದವರೆಲ್ಲ ಗೊಣಗುತ್ತಲೇ ಹೌದೆಂದು ತಲೆಯಾಡಿಸಿದರು. ಹೆಂಡತಿಯ ಕಣ್ಣು ತುಂಬಿ ಬಂತು.

ಆಗ ಪಾದ್ರಿಗಳ ಹೆಂಡತಿ ಕೇಳಿದರು: "ಹಾಗಾದ್ರೆ ನಮ್ಮ ಯಜಮಾನ್ರ ಅಂಗಿ ಎಲ್ಲಿಗೆ ಬಂತಪ್ಪ?"

ಅವನ ಮುಖ ಅರಳಿತು. "ಆಗೋಯ್ತು ಅಮ್ಮ! ಗುಂಡಿ ಹಾಕೋದೊಂದೇ ಬಾಕಿ!"

ಸಭೆಯ ನಗು ಸೂರಿಗೆ ಮುಟ್ಟಿತು.

"ನಗಬೇಡಿ," ಪಾದ್ರಿಗಳು ಎದ್ದರು. "ಬಿದ್ದವನನ್ನ ಎತ್ತೋಣ. ಎಲ್ಲರೂ ಕಣ್ಣು ಮುಚ್ಚಿ ಇವನಿಗಾಗಿ ಪ್ರಾರ್ಥಿಸೋಣ."

ಎಲ್ಲರೂ ಕಣ್ಣು ಮುಚ್ಚಿದರು, ಹೆಂಡತಿಯೂ. ಅವನು ಗಡಿಬಿಡಿಯಿಂದ ನಿಲುವಂಗಿ ತೆಗೆದು ಎರಡೂ ಕೈಯಲ್ಲಿ ಎತ್ತಿ ಹಿಡಿದ. ನೋಡುವವರು ಯಾರು? "ಅಯ್ಯನವರೇ, ಇಲ್ನೋಡಿ..." ಎಂದರೆ ಟೀಚರಮ್ಮ "ಶ್!" ಎಂದರು. "ಕರ್ತನೇ, ಇವನ ಬಾಯಲ್ಲಿ ಬಂದ ಮಾತನ್ನ ನೀನೇ ನಿಜ ಮಾಡು" ಎಂದು ಪಾದ್ರಿಗಳು ಬಹಳ ಹೊತ್ತು ಬೇಡಿದರು. ಅವನ ತೋಳು ನೋಯತೊಡಗಿತು.

"ಆಮೆನ್."

ಕಣ್ಣು ಬಿಟ್ಟರೆ ಎದುರಿಗೆ ಬೆಳ್ಳನೆಯ ನಿಲುವಂಗಿ! ಗುಂಡಿ ಒಂದೇ ಬಾಕಿ!

"ಅದ್ಭುತ!" ಎಂದು ಗಡಿಯಾರದವನು ಕೂಗಿದ. "ಸ್ತೋತ್ರ! ಸ್ತೋತ್ರ!" ಎಂದಿತು ಸಭೆ. ಪಾದ್ರಿಗಳು ಅಂಗಿಯನ್ನು ಮುಟ್ಟಿ ಮುಟ್ಟಿ ನೋಡಿದರು.

"ಅದ್ಭುತ ಅಲ್ಲ ಸ್ವಾಮಿ, ಮಧ್ಯಾಹ್ನ ನಾನೇ ಕೂತು ಹೊಲಿದದ್ದು!"

ಟೀಚರಮ್ಮ ಕನಿಕರದಿಂದ ನೋಡಿದರು. "ಈಗ ತಾನೇ ಪ್ರಾರ್ಥನೆ ಮಾಡಿದೀವಿ. ಆಗಲೇ ಮತ್ತೆ ಸುಳ್ಳು ಶುರು ಮಾಡ್ಬೇಡಿ."

ಹೊರಗೆ ಬರುವಷ್ಟರಲ್ಲಿ ಬೆಳಿಗ್ಗೆ ಹೋದ ಗಂಟುಗಳೆಲ್ಲ ವಾಪಸು ಬಂದಿದ್ದವು. "ನಾಳೆ ಸಂಜೆಗೆ ಬೇಕು. ನೀನು ಯಂತ್ರದ ಮುಂದೆ ಸುಮ್ಮನೆ ಕೂತ್ಕೋ, ನಾವು ಪ್ರಾರ್ಥನೆ ಮಾಡ್ತೀವಿ" ಎಂದ ಬ್ಯಾಂಡ್ ಮಾಸ್ತರ. ನಾಳೆಗೆ ಆಗುವುದಿಲ್ಲವೆಂದು ದರ್ಜಿ ಗೋಗರೆದ. ಹುಟ್ಟಿದಮೇಲೆ ಮೊದಲ ಸಲ ಹಾಗೆಂದಿದ್ದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಎಲ್ಲರೂ ಹೋದಮೇಲೆ ಹೆಂಡತಿ ಹತ್ತಿರ ಬಂದು ಅವನ ಅಂಗಿಗೆ ಅಂಟಿದ ಬಿಳಿ ದಾರದ ಚೂರುಗಳನ್ನು ಒಂದೊಂದಾಗಿ ತೆಗೆದಳು. ಅವಳ ಕೈ ನಿಂತಿತು. "ಇದೇನ್ರೀ, ನೀಲಿ ಎಳೆ? ನನ್ನ ಗೌನಿನ ಬಟ್ಟೆ ಬಣ್ಣ!" ಸಂತೋಷದಿಂದ ಅವಳು ಆ ಎಳೆಯನ್ನು ಬೆಳಕಿಗೆ ಹಿಡಿದಳು. "ನಂದೂ ಶುರು ಮಾಡಿದ್ರಾ?"

ಆ ನೀಲಿ ಬಟ್ಟೆ ಯಾರದೆಂದು ಅವನಿಗೆ ಆಗ ನೆನಪಾಯಿತು. ನಾಲಿಗೆಯ ತುದಿಗೆ ಆ ಹಳೇ ಮಾತು ಬಂದು ಕೂತಿತು. ಅವನು ಕಣ್ಣು ಮುಚ್ಚಿ ನುಂಗಿದ.

"ಇಲ್ಲ ಕಣೇ. ಅದನ್ನ ಅಯ್ಯನವರ ಅಂಗಿಗೆ ಲೈನಿಂಗ್ ಹಾಕಿಬಿಟ್ಟೆ."

ಆ ನಿಲುವಂಗಿಯ ವಿಷಯದಲ್ಲಿ ಅವನ ಮಾತನ್ನು ತಕ್ಷಣ ನಂಬಿದವಳು ಅವಳೊಬ್ಬಳೇ.