ಹಿಂದಕ್ಕೆ ನಡೆಯುವ ಮಾವ

ನಮ್ಮ ಮಾವನಿಗೆ ಬೆನ್ನಿನಲ್ಲೂ ಎರಡು ಕಣ್ಣುಗಳಿವೆ ಎಂದು ಬೀಜಾಡಿಯ ಅರ್ಧ ಊರು ನಂಬಿದೆ. ಉಳಿದರ್ಧ ಊರು ಅವರ ತಲೆಯೇ ಸರಿಯಿಲ್ಲ ಎಂದು ನಂಬಿದೆ. ನಾನು ಎರಡೂ ಪಕ್ಷಕ್ಕೆ ಸೇರಿದವನು!

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಮುಂಬಯಿಯಲ್ಲಿ ಹೋಟೆಲ್ ನಡೆಸಿ, ಅರವತ್ತು ದಾಟಿದ ಮೇಲೆ ಅದನ್ನು ಮಾರಿ, ಅತ್ತೆಯೊಂದಿಗೆ ಕೋಟೇಶ್ವರದ ಪಕ್ಕದ ಈ ಬೀಜಾಡಿಗೆ ಮರಳಿದವರು. ಹೀಗೆ ಮರಳಿದ ಬೇರೆ ಹೋಟೆಲಿನವರು ಏನು ಮಾಡುತ್ತಾರೆ? ತೆಂಗಿನ ಸಸಿ ನೆಡುತ್ತಾರೆ, ದೇವಸ್ಥಾನದ ಸಮಿತಿ ಸೇರುತ್ತಾರೆ, ಮದುವೆ ಮನೆಗಳಲ್ಲಿ ಮುಂದಿನ ಸಾಲಿನ ಕುರ್ಚಿ ಹಿಡಿಯುತ್ತಾರೆ. ನಮ್ಮ ಮಾವ ಹಿಂದಕ್ಕೆ ನಡೆಯತೊಡಗಿದರು.

ಅದಕ್ಕೊಂದು ಕಾರಣವಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತೂ ಕುಳಿತೂ ಮಂಡಿ ಹಿಡಿದುಕೊಂಡಿತ್ತು. ದಿನವೂ ಸ್ವಲ್ಪ ಹೊತ್ತು, ಮನೆಯೊಳಗೆ, ಗೋಡೆಗೆ ಕೈಕೊಟ್ಟು ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಯಿರಿ ಎಂದು ಮಂಡಿಗೆ ವ್ಯಾಯಾಮ ಹೇಳಿಕೊಡುವವರು ಸಲಹೆ ಕೊಟ್ಟರಂತೆ. ಮಾವ ಅದರಲ್ಲಿ ಸ್ವಲ್ಪ ಹೊತ್ತನ್ನು ಬಿಟ್ಟರು, ಮನೆಯನ್ನು ಬಿಟ್ಟರು, ಗೋಡೆಯನ್ನೂ ಬಿಟ್ಟರು. ನೇರ ಹೆದ್ದಾರಿಯ ಬದಿಗೆ ಬಂದರು!

ಅಲ್ಲಿ ಆದದ್ದು ಬಸ್ಸಿನವರ ಗೋಳು. ನಮ್ಮ ಕಡೆಯ ಖಾಸಗಿ ಬಸ್ಸುಗಳಿಗೆ ನಿಲ್ದಾಣವೆಂಬುದು ಹೆಸರಿಗೆ ಮಾತ್ರ. ರಸ್ತೆ ಬದಿಯಲ್ಲಿ ಒಬ್ಬ ಮನುಷ್ಯ ಬಸ್ಸಿನ ಕಡೆ ಮುಖ ಮಾಡಿದ್ದರೆ ಸಾಕು, ಬಸ್ಸು ನಿಂತಿತೆಂದೇ ಅರ್ಥ. ಕುಂದಾಪುರದ ಕಡೆಗೆ ಬೆನ್ನು ಹಾಕಿ ಕುಂದಾಪುರದ ಕಡೆಗೇ ನಡೆಯುವ ಮಾವನ ಮುಖ, ಕುಂದಾಪುರಕ್ಕೆ ಹೋಗುವ ಪ್ರತಿಯೊಂದು ಬಸ್ಸಿಗೂ ಪೂರ್ಣಚಂದ್ರನಂತೆ ಕಾಣುತ್ತಿತ್ತು. ಬಸ್ಸು ನಿಲ್ಲುವುದು, ಕಂಡಕ್ಟರ್ ಜೋತುಬಿದ್ದು "ಬನ್ನಿ ಬನ್ನಿ, ಕುಂದಾಪ್ರ ಕುಂದಾಪ್ರ!" ಎಂದು ಕರೆಯುವುದು, ಮಾವ ಗಂಭೀರವಾಗಿ ಹಿಂದೆ ಸರಿಯುವುದು, ಬಸ್ಸು ಮೆಲ್ಲನೆ ಅವರ ಹಿಂದೆ, ಅಲ್ಲ, ಮುಂದೆ ತೆವಳುವುದು.

"ಹ್ವಾಯ್, ಹತ್ತುದಾ ಇಲ್ದ್ಯಾ?"

"ನಾನ್ ವ್ಯಾಯಾಮ ಮಾಡುದ್ ಮಾರಾಯಾ! ನೀ ಹೋಗ್!"

"ವ್ಯಾಯಾಮ ಮಾಡುದಾರೆ ಮುಖ ಆಚಿ ಮಾಡ್ಕಣಿ ಶೆಟ್ರೇ! ನೀವ್ ಹಿಂಗ್ ನೆಗಾಡ್ಕಂಡ್ ಕಂಡ್ರೆ ನಾವ್ ಬಸ್ ನಿಲ್ಸ್ದೇ ಹ್ಯಾಂಗ್ ಹೋಪುದ್?"

ಹೆದ್ದಾರಿ ಬಿಡಲು ಇಷ್ಟು ಸಾಕಾಯಿತು. ಆದರೆ ವ್ಯಾಯಾಮದ ಹುಚ್ಚು ಬಿಡಲಿಲ್ಲ. ಮುಂಬಯಿಯಿಂದ ತಂದ ಡಂಬೆಲ್‌ಗಳನ್ನು ಜಗಲಿಯಲ್ಲಿ ಇಟ್ಟರು. ಮಳೆಗಾಲಕ್ಕೆ ಹಲಸಿನ ಸೊಳೆಯನ್ನು ಉಪ್ಪುನೀರಿಗೆ ಹಾಕಿದ ಅತ್ತೆ, ಸೊಳೆ ಮೇಲಕ್ಕೆ ತೇಲದ ಹಾಗೆ ಭರಣಿಯೊಳಗೆ ತಟ್ಟೆಯಿಟ್ಟು ಅದರ ಮೇಲೆ ಅವೇ ಡಂಬೆಲ್‌ಗಳನ್ನು ಕೂರಿಸಿದರು. "ಇಷ್ಟ್ ದಿನಕ್ಕೆ ಒಂದ್ ಉಪಕಾರಕ್ಕೆ ಬಂತ್" ಎಂದರು. ಆ ಮನೆಯಲ್ಲಿ ಡಂಬೆಲ್ಲಿನಿಂದ ಗಟ್ಟಿಯಾದದ್ದು ಸೊಳೆ ಮಾತ್ರ!

ಇನ್ನು ಮದುವೆ ಮನೆ. ಕೋಟೇಶ್ವರದ ಒಂದು ಕಲ್ಯಾಣಮಂಟಪದಲ್ಲಿ ಊಟದ ಸರದಿ ಉದ್ದವಾಗಿತ್ತು. ಸುಮ್ಮನೆ ನಿಂತರೆ ಕಾಲಿನಲ್ಲಿ ರಕ್ತ ನಿಲ್ಲುತ್ತದೆ ಎಂದು ಮಾವ ಹಿಂದಿನವರಿಗೂ ಮುಂದಿನವರಿಗೂ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ಹೇಳಿಕೊಟ್ಟರು. ಕೈಯಲ್ಲಿ ತಟ್ಟೆ ಹಿಡಿದ ಅಷ್ಟೂ ಜನ ತೆರೆಯ ಹಾಗೆ ಮೇಲೆ ಕೆಳಗೆ, ಮೇಲೆ ಕೆಳಗೆ! ದೂರದಿಂದ ಇದನ್ನು ಕಂಡ ಹುಡುಗಿಯ ತಂದೆಗೆ, ಕೋಳಿ ಸುಕ್ಕ ಮುಗಿಯಿತೇ ಎಂದು ಜನ ತುದಿಗಾಲಿನಲ್ಲಿ ಇಣುಕುತ್ತಿದ್ದಾರೆ ಎಂದು ಗಾಬರಿ. ಪಾಪ, ಆ ಮನುಷ್ಯ ಪಂಚೆ ಎತ್ತಿ ಕಟ್ಟಿ ಅಡುಗೆಮನೆಗೆ ಓಡಿದ್ದನ್ನು ಕಂಡು ಮಾವ ನನ್ನ ಕಿವಿಯಲ್ಲಿ ಅಂದರು: "ಕಾಣ್ ಮಾಣಿ, ಅವರಿಗೂ ವ್ಯಾಯಾಮ ಆಯ್ತ್."

ಇಷ್ಟು ಬರೆಯುವವರೆಗೆ ನಾನೂ ನಗುತ್ತಲೇ ಇದ್ದೆ. ಇನ್ನು ಮುಂದೆ ಅಷ್ಟು ಸಲೀಸಾಗಿ ಬರೆಯಲಾರೆ. ಯಾಕೆಂದರೆ ಮುಂದಿನದು ನನ್ನ ಬೆನ್ನಿಗೆ ಸಂಬಂಧಿಸಿದ್ದು, ಮತ್ತು ಆ ಬೆನ್ನು ಇವತ್ತಿಗೂ ಅದನ್ನು ಮರೆತಿಲ್ಲ.

ನಾನು ಕುಂದಾಪುರದ ಒಂದು ಸಹಕಾರಿ ಸಂಘದಲ್ಲಿ ಕುರ್ಚಿ ಬಿಸಿ ಮಾಡುವವನು. ನನ್ನ ಹೊಟ್ಟೆ ಮೇಜಿಗೆ ತಾಗತೊಡಗಿದ್ದು ಮಾವನ ಕಣ್ಣಿಗೆ ಬಿತ್ತು. ಅಲ್ಲಿಗೆ ನನ್ನ ಗ್ರಹಚಾರ ಶುರು. "ಕಸರತ್ ಶುರು ಮಾಡುಕ್ ಮುಂಚೆ ಡಾಕ್ಟ್ರಿಗೆ ತೋರ್ಸ್ಕ್. ಅದ್ ಮೊದಲ್ನೇ ಪಾಠ" ಎಂದು ನನ್ನನ್ನು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದರು. ನನ್ನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದ ನರ್ಸ್, ಪಕ್ಕದಲ್ಲಿ ಎದೆಯುಬ್ಬಿಸಿ ಕೂತಿದ್ದ ಮಾವನನ್ನು ಕಂಡು, "ಹ್ವಾಯ್, ನಿಮ್ದೂ ಒಂದ್ ಸಲ ಕಾಂಬನಾ?" ಎಂದರು.

"ನಂಗೆಂತಕ್ಕೆ?" ಮಾವ ತೋಳು ಮಡಚಿ ಮಾಂಸಖಂಡ ತೋರಿಸಿದರು. "ನಾನ್ ಕರ್ಕಂಡ್ ಬಂದವ. ರೋಗಿ ಇವ!"

ನರ್ಸ್ ನಕ್ಕರು. ನಾನೂ ನಕ್ಕೆ. ಆ ಪಟ್ಟಿ ಅಲ್ಲೇ, ಅವರ ಮೊಣಕೈಯಿಂದ ಗೇಣು ದೂರದಲ್ಲಿ, ಮೇಜಿನ ಮೇಲೆ ಬಿದ್ದಿತ್ತು. ಅದನ್ನು ಎತ್ತಿ ಸುತ್ತಲು ಎಷ್ಟು ಹೊತ್ತು ಬೇಕಿತ್ತು?

ಎರಡನೇ ಪಾಠ, ಮೈ ಬಿಸಿ ಮಾಡಿಕೊಳ್ಳದೆ ಯಾವುದನ್ನೂ ಶುರು ಮಾಡಬಾರದು. ಮೂರನೆಯದು, ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು ಎಂಬುದು, ಅವರಿಗೆ ಬಹಳ ಪ್ರಿಯವಾದದ್ದು. "ನಡೂವತ್ತಿಗೆ ಮಾತ್ ಬರ್ಕ್, ಹಾಡ್ ಬಪ್ಪುಕಾಗ. ಹಾಡುಕೆ ಬಂತಾ, ನೀ ಕಳ್ಳಾಟ ಆಡ್ತಾ ಇದ್ದೆ. ಮಾತೇ ನಿಂತ್ತಾ, ಅಲ್ಲೇ ನಿಲ್ಕ್. ತಿಳಿತಾ?" ತಿಳಿಯದೆ ಏನು! ಮಾವನ ವಿಷಯದಲ್ಲಿ ಮಾತು ನಿಲ್ಲುವ ಸಾಧ್ಯತೆಯೇ ನನಗೆ ಹೊಳೆದಿರಲಿಲ್ಲ.

ಹೆದ್ದಾರಿಯಿಂದ ಹೊರದೂಡಲ್ಪಟ್ಟ ಮಾವ ಬೀಜಾಡಿಯ ಕಡಲತೀರ ಸೇರಿದ್ದರು. ಅಲ್ಲಿ ಅವರಿಗೆ ಜೀವಮಾನದ ಆನಂದ ಕಾದಿತ್ತು. ಒಂದು ದಂಡು ಜನ, ಅವರ ಹಾಗೆಯೇ, ಹಿಂದಕ್ಕೆ ನಡೆಯುತ್ತಿದ್ದರು! ಅವರು ಕೈರಂಪಣಿ ಬಲೆ ಎಳೆಯುವವರು. ದೋಣಿಯಲ್ಲಿ ಹೋಗಿ ಬಲೆಯನ್ನು ಸಮುದ್ರದಲ್ಲಿ ಕಮಾನಿನಂತೆ ಬಿಟ್ಟು ಬರುತ್ತಾರೆ. ಬಲೆಯ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ಎರಡು ಸಾಲು ಜನ ಎಳೆಯುತ್ತಾರೆ. ಮುಖ ಸಮುದ್ರಕ್ಕೆ, ಹೆಜ್ಜೆ ಹಿಂದಕ್ಕೆ. ಸಾಲಿನ ಕೊನೆಯವನು ಮರಳು ದಿಬ್ಬ ತಲುಪಿದರೆ ಹಗ್ಗ ಬಿಟ್ಟು ಓಡಿಬಂದು ನೀರಿನ ಹತ್ತಿರ ಮತ್ತೆ ಕೈಹಾಕುತ್ತಾನೆ. ಹಗ್ಗಕ್ಕೆ ಕೈ ಕೊಟ್ಟ ದಾರಿಹೋಕನಿಗೂ ಮೀನಿನಲ್ಲಿ ಪಾಲುಂಟು.

ಮಾವ ಕೈ ಕೊಟ್ಟರು. ಬರೀ ಕೈ ಕೊಟ್ಟರೆ ಸಾಲದೆಂದು ಪಾಠವನ್ನೂ ಕೊಟ್ಟರು. ಹಗ್ಗ ಮುಟ್ಟುವ ಮೊದಲು ಭುಜ ತಿರುಗಿಸಿ, ಸೊಂಟ ಬಗ್ಗಿಸಿ ಎಂದು ಹುಟ್ಟಿನಿಂದ ಬಲೆ ಎಳೆದವರಿಗೆ ಹೇಳಿದರು! ದೋಣಿಯ ಮುಖ್ಯಸ್ಥ ತಂಡೇಲ ಸೊಂಟಕ್ಕೆ ಕೈಯಿಟ್ಟು ಕೂಗಿದ: "ಶೆಟ್ರೇ, ನಿಮ್ಮ ಕುಣಿತ ಮುಗಿವರಿಗೆ ಬಂಗಡಿ ಅಲ್ಲಿ ಕಾಂತಾ ಕೂಕಂಬುದಿಲ್ಲೆ! ಎಳಿನಿ!"

"ಸೊಂಟ ಉಳುಕಿರೆ ನನ್ ಹತ್ರ ಬರ್ಬೇಡ ಮಾರಾಯಾ!"

"ಉಳುಕಿರೆ ನಿಮ್ಮನ್ನೇ ಬಲೆಗೆ ಕಟ್ಟಿ ಬಿಡ್ತೆ!"

ಹೀಗೆ ಅವರು ಆ ಹಗ್ಗದ ಒಂದು ಗಂಟೇ ಆಗಿಬಿಟ್ಟರು. ಪಾಲಿನ ಬಂಗಡೆ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ತೂಗಾಡಿಸುತ್ತ, ಹಿಂದಕ್ಕೆ ನಡೆಯುತ್ತಲೇ ಮನೆಗೆ ಬರುತ್ತಿದ್ದರು. ಹಿಂಬಾಲಿಸಿ ಸಾಲಾಗಿ ಬರುವ ಬೆಕ್ಕುಗಳ ಮುಖ ನೋಡಲು ಅದೇ ಅನುಕೂಲವಂತೆ!

ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ನನ್ನನ್ನೂ ಎಳೆದುಕೊಂಡು ಹೋದರು. ನಾನು ಅವರ ಮುಂದೆ, ಅವರು ನನ್ನ ಹಿಂದೆ, ಇಬ್ಬರ ಮುಖವೂ ಸಮುದ್ರಕ್ಕೆ. ಎಳೆಯತೊಡಗಿದ ಕೂಡಲೇ ನನ್ನ ಬೆನ್ನಿಗೆ ಅವರ ಮಾತಿನ ಮಳೆ. "ಹೊಟ್ಟೆ ಒಳಗೆ ಹಾಕ್. ಕೈಯಗೆ ಎಳಿಬೇಡ, ಕಾಲಗೆ ಎಳಿ. ಸಂಘದಗೆ ಸಾಲ ವಸೂಲಿಗೂ ಹಿಂಗೇ ಎಳಿತ್ಯಾ?" ಹಗ್ಗದ ಉದ್ದಕ್ಕೂ ನಗು. ನನಗೆ ಏದುಸಿರು.

ಆಮೇಲೆ ಮಾತು ನಿಂತಿತು.

ಅಬ್ಬ, ಅಂತೂ ಬಾಯಿ ಮುಚ್ಚಿದರಲ್ಲ ಎಂದು ನನಗೆ ಹಾಯೆನಿಸಿತು. ಹಗ್ಗ ಸ್ವಲ್ಪ ಭಾರವಾಯಿತು. ಮಾವ ಕಳ್ಳಾಟ ಆಡುತ್ತಿದ್ದಾರೆ ಎಂದುಕೊಂಡೆ. ಆಗ ಬೆನ್ನಿಗೆ ಏನೋ ಒರಗಿತು. ಅವರ ಹಣೆ. ಎರಡು ಭುಜಗಳ ನಡುವೆ, ಮಗು ಒರಗಿದ ಹಾಗೆ, ಬೆವರಿನಿಂದ ತಣ್ಣಗಾದ ಹಣೆ. ನಾನು ತಿರುಗದೆಯೇ, "ಎಂತ ಮಾವ, ಸುಸ್ತಾಯ್ತಾ?" ಎಂದು ನಕ್ಕೆ. ಹಣೆ ಬೆನ್ನ ಮೇಲಿನಿಂದ ಮೆಲ್ಲಗೆ ಕೆಳಕ್ಕೆ ಜಾರಿತು.

ತಿರುಗಿದಾಗ ಅವರು ಮಂಡಿಯೂರಿದ್ದರು. ಮುಖ ಬೂದಿ ಬಣ್ಣ. ಕೈಗಳು ಮಾತ್ರ ಹಗ್ಗ ಬಿಟ್ಟಿರಲಿಲ್ಲ. ತೆರೆ ಹಿಂದೆ ಸರಿದು ಬಲೆ ಕಡಲಿನ ಕಡೆಗೆ ಜಗ್ಗಿದಾಗ ಅವರೂ ಅದರ ಜೊತೆ ಜಾರಿದರು; ಮಂಡಿಗಳು ಹಸಿ ಮರಳಿನಲ್ಲಿ ಎರಡು ಗೆರೆ ಎಳೆದವು. ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದೆ, ಆಗಲಿಲ್ಲ. ಏನು ಕೂಗಿದೆನೋ ನೆನಪಿಲ್ಲ. ತಂಡೇಲನ ಕೂಗು ಮಾತ್ರ ನೆನಪಿದೆ: "ಹಗ್ಗ ಬಿಡಿನಿ! ಎಲ್ಲರೂ ಬಿಡಿನಿ!"

ಬಲೆ ಅರ್ಧ ದಡಕ್ಕೆ ಬಂದಿತ್ತು. ನೀರಿನಲ್ಲಿ ಮೀನು ಬೆಳ್ಳಗೆ ಮಿಂಚುತ್ತಿದ್ದುದನ್ನು ನಾನೇ ಕಂಡಿದ್ದೆ. ಎರಡೂ ಸಾಲಿನವರು ಒಮ್ಮೆಗೇ ಕೈಬಿಟ್ಟರು. ಹಗ್ಗ ಹಾವಿನಂತೆ ನೀರಿಗೆ ಹರಿದುಹೋಯಿತು. ಯಾರೂ ಅತ್ತ ತಿರುಗಿ ನೋಡಲಿಲ್ಲ. ಮಾವನನ್ನು ಎತ್ತಿಕೊಂಡು ಮರಳಿನಲ್ಲಿ ಓಡಿದರು. ರಸ್ತೆಯಲ್ಲಿ ಮೀನು ಸಾಗಿಸಲು ನಿಂತಿದ್ದ ಟೆಂಪೋದಿಂದ ಐಸಿನ ಪೆಟ್ಟಿಗೆಗಳನ್ನು ಕೆಳಗೆಸೆದು ಮಲಗಿಸಿದರು.

ಕುಂದಾಪುರದವರೆಗಿನ ಆ ದಾರಿ ಇಷ್ಟು ಉದ್ದವೆಂದು ನನಗೆ ಗೊತ್ತಿರಲಿಲ್ಲ. ಅವರ ತಲೆ ನನ್ನ ತೊಡೆಯ ಮೇಲೆ. "ಮಾವ, ಮಾತಾಡಿ. ಎಂತಾದ್ರೂ ಮಾತಾಡಿ" ಎಂದು ಬೇಡುತ್ತಲೇ ಇದ್ದೆ. ಅವರಿಂದ ಮಾತು ತಪ್ಪಿಸಿಕೊಳ್ಳಲು ಹಿತ್ತಿಲ ಬಾಗಿಲಿನಿಂದ ಓಡಿಹೋಗುತ್ತಿದ್ದವನು ನಾನು! ಸೇತುವೆಯ ಹತ್ತಿರ ಟೆಂಪೋ ಎಗರಿದಾಗ ಅವರ ತುಟಿ ಅಲುಗಿತು. ಕಿವಿ ಹತ್ತಿರ ಒಯ್ದೆ.

"ಮಾತ್... ನಿಂತಿಲ್ಲೆ ಮಾಣಿ. ಹೆದ್ರ್ಬೇಡ."

ಉಳಿದರು. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತಂತೆ, ಅದನ್ನು ಬಿಡಿಸಿದರು. ದಿನವೂ ನಡೆದು ಗಟ್ಟಿಯಾದ ಹೃದಯವಾದ್ದರಿಂದ ಈ ಹೊಡೆತ ತಾಳಿಕೊಂಡಿರಬೇಕು ಎಂದು ಡಾಕ್ಟರಮ್ಮ ಹೇಳಿದಾಗ ಮಾವ ಹಾಸಿಗೆಯಿಂದಲೇ ನನ್ನ ಹೊಟ್ಟೆಯ ಕಡೆ ನೋಡಿದರು. ಆದರೆ ಡಾಕ್ಟರಮ್ಮ ಮಾತು ಮುಗಿಸಿರಲಿಲ್ಲ. "ಮೊದಲೇ ನೋವು ಇತ್ತಾ?"

ಅತ್ತೆ ಸೆರಗು ಬಾಯಿಗೊತ್ತಿದರು. ಒಂದು ವಾರದಿಂದ ಎಡಭುಜ ನೋವು, ಎದೆಯಲ್ಲಿ ಬಿಗಿತ. ಅದು ಹಗ್ಗ ಎಳೆದದ್ದಕ್ಕೆ, ವ್ಯಾಯಾಮದ ನೋವು ಒಳ್ಳೆಯದು ಎಂದು ಮಾವ ವಾದಿಸಿದ್ದರು. "ದಿನಾ ರಾತ್ರಿ ಎಣ್ಣಿ ಬಿಸಿ ಮಾಡಿ ತಿಕ್ಕಿದೆ ಅಮ್ಮಾ. ಒಳಗೆ ಹಾರ್ಟ್ ಅಳ್ತಾ ಇತ್ತ್, ನಾನ್ ಮೇಲೆ ಎಣ್ಣಿ ತಿಕ್ತಾ ಇದ್ದೆ" ಎಂದರು. ಮಾವ ಗೋಡೆಯ ಕಡೆ ಮುಖ ತಿರುಗಿಸಿದರು. ಊರಿಗೆಲ್ಲ ಮೊದಲ ಪಾಠ ಹೇಳಿದವರು ತಾವೇ ಆ ಪಾಠಕ್ಕೆ ಕೂತಿರಲಿಲ್ಲ. ನನಗೆ ಕ್ಲಿನಿಕ್ಕಿನ ಮೇಜಿನ ಮೇಲಿದ್ದ ಆ ಪಟ್ಟಿ ಕಣ್ಣಿಗೆ ಕಟ್ಟಿತು. ಈಗಲೂ ಕಟ್ಟುತ್ತದೆ.

ತಂಡೇಲ ಬಂದ, ಆಸ್ಪತ್ರೆಗೆ ಮೀನು ತರಬಾರದೆಂದು ತಿಳಿಯದವನಂತೆ ಬಂಗಡೆಯ ಚೀಲ ಹಿಡಿದು.

"ನನ್ನಿಂದಾಯಿ ನಿಮ್ಮ ಬಲೆ ಹೋಯ್ತಲೇ" ಎಂದು ಮಾವ ಹಲುಬಿದರು.

"ಬಲೆ ಹರ್ದದ್ದ್ ಹೊಲುದ್ ನಮಗೆ ಹೊಸ್ತಾ? ಅದ್ ಬಿಡಿ. ನಿಮ್ಮ ದೆಸಿಯಿಂದ ಹುಡುಗ್ರೆಲ್ಲ ಹಾಳಾಯ್ರ್ ಶೆಟ್ರೇ. ಈಗ ಭುಜ ತಿರುಗ್ಸದೆ ಒಬ್ಬನೂ ಹಗ್ಗ ಮುಟ್ಟುದಿಲ್ಲೆ!"

ಮಾವ ನಕ್ಕರು.

ಈಗ ಅವರಿಗೆ ಹಗ್ಗ ನಿಷಿದ್ಧ, ಹಿಂದಕ್ಕೆ ನಡೆಯುವುದು ನಿಷಿದ್ಧ. ಸಮತಟ್ಟಿನಲ್ಲಿ, ನಿಧಾನವಾಗಿ, ಜೊತೆಗೊಬ್ಬರನ್ನು ಇಟ್ಟುಕೊಂಡು ನಡೆಯಬಹುದು, ಅಷ್ಟೆ. ಆ ಜೊತೆ ನಾನು. ಸಂಜೆ ಕುರ್ಚಿಯಿಂದೆದ್ದು ನೇರ ಬೀಜಾಡಿಗೆ ಬರುತ್ತೇನೆ. ಮೊದಮೊದಲು ಪಕ್ಕದಲ್ಲಿ ನಡೆಯುತ್ತಿದ್ದೆ. ಆದರೆ ಪಕ್ಕದಲ್ಲಿದ್ದರೆ ಮುಖ ಪೂರ್ತಿ ಕಾಣುವುದಿಲ್ಲ. ಮುಂದಿದ್ದರೆ ಬೆನ್ನಿನಲ್ಲಿ ಆ ಹಣೆಯ ತಣ್ಣನೆ ಭಾರ ಮತ್ತೆ ಬಂದು ಕೂರುತ್ತದೆ. ಹಾಗಾಗಿ ಈಗ ಅವರ ಮುಂದೆ, ಅವರಿಗೆ ಎದುರಾಗಿ, ಹಿಂದಕ್ಕೆ ನಡೆಯುತ್ತೇನೆ. ಹೌದು, ನಾನೇ! ನೋಡಿದವರು ಇದು ಮನೆತನದ ಕಾಯಿಲೆ ಎನ್ನುತ್ತಾರೆ.

ಮೊನ್ನೆ ಸಂಜೆ ಮಾವ ಸುಮ್ಮನಾದರು.

"ಮಾತಾಡಿ ಮಾವ!"

"ಎಂತ ಮಾತಾಡುದ್? ಇಷ್ಟ್ ನಿಧಾನ ನಡೆದ್ರೆ ಮಾತೆಂತ, ಹಾಡೇ ಬತ್ತ್. ಇದ್ ವ್ಯಾಯಾಮವಾ ಮಾಣಿ? ಕಳ್ಳಾಟ." ಅವರ ಕಣ್ಣು ದೂರದಲ್ಲಿ ಹಗ್ಗ ಎಳೆಯುವವರ ಮೇಲಿತ್ತು.

"ಹಾಗಾರೆ ಹಾಡಿ."

"ಹೋಗಾ!"

"ಹಾಡಿ ಮಾವ."

ಅವರು ಆಚೆ ಈಚೆ ನೋಡಿ, ಗಂಟಲು ಸರಿಪಡಿಸಿಕೊಂಡು ಶುರು ಮಾಡಿದರು. ಯಾವ ಹಾಡೋ ಗುರುತು ಸಿಗಲಿಲ್ಲ. ಅಷ್ಟು ಕೆಟ್ಟದಾಗಿ ಹಾಡುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅದು ನಿಲ್ಲದಿರಲಿ ಎಂದುಕೊಳ್ಳುತ್ತ, ಅವರ ಮುಖದಿಂದ ಕಣ್ಣು ತೆಗೆಯದೆ, ಇನ್ನೊಂದು ಹೆಜ್ಜೆ ಹಿಂದಕ್ಕೆ ಇಟ್ಟೆ.