ಮೆತ್ತಣ್ಣ ಹಿಡಿದು ತಂದ ಸಾಕ್ಷಿ

ನಿಘಂಟು ಕಚೇರಿಯ ಹಂಗಾಮಿ ಸಹಾಯಕನನ್ನು ಎಲ್ಲರೂ ಕರೆಯುತ್ತಿದ್ದದ್ದು ಮೆತ್ತಣ್ಣ ಎಂದೇ. ಅಂಥವನ ಪಾಲಿಗೆ ಬಂತು ‘ವೈಲ್ಡ್’ ಎಂಬ ಇಂಗ್ಲಿಷ್ ಪದ! ಮರುದಿನ ಸಂಜೆಯೊಳಗೆ ಅದರ ಅರ್ಥಗಳನ್ನೆಲ್ಲ ಬರೆದು ಮುಗಿಸಿದರೆ ಕೆಲಸ ಕಾಯಂ. ಇಲ್ಲವಾದರೆ ಇನ್ನೊಂದು ವರ್ಷ ಹಂಗಾಮಿಯೇ ಗತಿ. ಆದರೆ ಕಣ್ಣಾರೆ ಕಾಣದ ಅರ್ಥವನ್ನು ಬರೆಯಕೂಡದೆಂಬುದು ಸಂಪಾದಕರ ಹಠ. ‘ಹುಳಿ’ ಎಂದು ಸುಮ್ಮನೆ ಬರೆದವನೊಬ್ಬನಿಗೆ ಎದುರಿಗೇ ನಿಂಬೆಹಣ್ಣು ಕಚ್ಚಿಸಿದ ಪುಣ್ಯಾತ್ಮರು ಅವರು.

“ಪಳಗದ್ದು ಅಂತ ಏನನ್ನೇ ತೋರಿಸ್ಲಿ?” ಎಂದು ಮೆತ್ತಣ್ಣ ಬೆಳಿಗ್ಗೆ ಹೆಂಡತಿಯ ಮುಂದೆ ಗೋಳಾಡಿದ.

“ನಿಮ್ಮ ಮುಖ ನೋಡಿ ಆ ಪದ ಕೊಟ್ಟೋರಿಗೆ ಏನ್ ಹೇಳ್ಬೇಕು! ಹಿತ್ತಲಲ್ಲಿ ಇದ್ಯಲ್ಲ, ಯಾರ ಕೈಗೂ ಸಿಗದ ಹಾಳು ಬೆಕ್ಕು. ಹಿಡ್ಕೊಂಡು ಹೋಗಿ.”

ಮೈಕೈಯೆಲ್ಲ ಪರಚಿಸಿಕೊಂಡು, ಬೆಕ್ಕನ್ನು ಚೀಲಕ್ಕೆ ತುಂಬಿ ಮೆತ್ತಣ್ಣ ಕಚೇರಿ ತಲುಪಿದ. ಅಲ್ಲಿ ಆಗಲೇ ಗಲಾಟೆ. ಅಟ್ಟದ ಹೆಗ್ಗಣ ರಾತ್ರಿ ಮತ್ತೆ ಬಂದು, ‘ಎಸ್’ ಅಕ್ಷರದ ಅರ್ಧ ಪದಗಳನ್ನು ತಿಂದು ತೇಗಿತ್ತು. ಸಂಪಾದಕರು ಕೊಠಡಿಯೊಳಗೆ ಕೂತು ಹಲ್ಲು ಕಡಿಯುತ್ತಿದ್ದರು.

ಚೀಲದ ಸುತ್ತ ಜನ ಸೇರಿದರು. “ಇದು ಬೀದಿ ಬೆಕ್ಕು ಕಣ್ರೀ, ವೈಲ್ಡ್ ಅನ್ನೋಕಾಗಲ್ಲ,” ಎಂದ ಗುಮಾಸ್ತ.

“ಸಾಕಿದೋರಿಲ್ಲ ಅಂದ್ಮೇಲೆ ವೈಲ್ಡೇ,” ಎಂದಳು ಟೈಪಿಸ್ಟ್ ಅಕ್ಕ. “ಬಿಚ್ಚಿ ನೋಡೇ ಬಿಡೋಣ.”

“ಬೇಡಕ್ಕಾ!” ಎಂದು ಮೆತ್ತಣ್ಣ ಹೇಳುವಷ್ಟರಲ್ಲಿ ಗಂಟು ಬಿಚ್ಚಿಯಾಗಿತ್ತು.

ಆಮೇಲಿನದ್ದನ್ನು ಏನು ಹೇಳುವುದು! ಶಾಯಿ ಚೆಲ್ಲಿತು, ಫ್ಯಾನಿನ ಗಾಳಿಗೆ ಕಾಗದಗಳು ಹಾರಿದವು, ಬೆಕ್ಕು ಮೇಜಿಂದ ಮೇಜಿಗೆ ನೆಗೆದು ಅಟ್ಟ ಸೇರಿತು. ಮೇಜಿನಡಿ ತೂರಿದ ಮೆತ್ತಣ್ಣನಿಗೆ ಮಾತ್ರ ಸುಗ್ಗಿಯೋ ಸುಗ್ಗಿ. ಒಂದೊಂದೇ ಅರ್ಥವನ್ನು ಸಾಕ್ಷಿ ಸಮೇತ ಬರೆದುಕೊಂಡ. ಪಳಗದ್ದು: ಈ ಬೆಕ್ಕು. ಕೆದರಿದ್ದು: ಅಕ್ಕನ ಕೂದಲು. ಅಡ್ಡಾದಿಡ್ಡಿ: ಗುಮಾಸ್ತನ ಓಟ. ಬುಡವಿಲ್ಲದ ಊಹೆ: “ಅಯ್ಯೋ, ಚಿರತೆ ಮರಿ!” ಎಂದು ಕಿರುಚಿದ ಕಾವಲುಗಾರನದು. ಉಗ್ರ ಕೋಪ: ಬಾಗಿಲಲ್ಲಿ ಬಂದು ನಿಂತ ಸಂಪಾದಕರದು.

ಸಂಪಾದಕರು ಆ ಹಾಳೆಯನ್ನು ಕಿತ್ತುಕೊಂಡು ಓದಿದರು. ಹುಬ್ಬು ಸಡಿಲವಾಯಿತು. “ಭೇಷ್! ಎಲ್ಲಾ ಕಣ್ಣಾರೆ ಕಂಡದ್ದೇ. ನನ್ನನ್ನೂ ಬಿಟ್ಟಿಲ್ಲ ನೀವು!”

ಮೆತ್ತಣ್ಣನಿಗೆ ಹಿಗ್ಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅಟ್ಟದಿಂದ ಬೆಕ್ಕು ಧೊಪ್ಪೆಂದು ಧುಮುಕಿತು. ಬಾಯಲ್ಲಿ ಆ ಹೆಗ್ಗಣ! ತಂದು ಸಂಪಾದಕರ ಪಾದದ ಬಳಿ ಇಟ್ಟು, ಅವರ ಕಾಲಿಗೇ ಮೈ ಉಜ್ಜತೊಡಗಿತು.

“ಆಹಾ, ನನ್ನ ಬಂಗಾರ!” ಸಂಪಾದಕರ ಕಣ್ಣು ತುಂಬಿತು. “ಇವತ್ತಿಂದ ಇದರ ಕೆಲಸ ಕಾಯಂ. ದಿನಾ ಹಾಲು, ಕೂರೋಕೊಂದು ಕುರ್ಚಿ.”

“ಸಾರ್, ನಂದು...?”

“ಅಲ್ಲೇ ಎಡವಟ್ಟಾಯ್ತು ನೋಡಿ. ಇನ್ನು ಇದು ಕಚೇರಿಯ ಸಾಕುಬೆಕ್ಕು. ನಿಮ್ಮ ಮೊದಲನೇ ಅರ್ಥಕ್ಕೇ ಸಾಕ್ಷಿ ಇಲ್ವಲ್ರೀ! ಮುಂದಿನ ವರ್ಷ ನೋಡೋಣ.”

ಮೆತ್ತಣ್ಣ ಕಾಲೆಳೆಯುತ್ತ ತನ್ನ ಜಾಗಕ್ಕೆ ಹೋದ. ಕುರ್ಚಿಯ ಮೇಲೆ ಬೆಕ್ಕು ಮುದುಡಿ ಮಲಗಿತ್ತು. ಎಬ್ಬಿಸಲು ಕೈ ಚಾಚಿದರೆ ‘ಬುಸ್’ ಎಂದು ಪಂಜ ಎತ್ತಿತು.

“ಸಾರ್! ನೋಡಿ ಸಾರ್, ಪಳಗಿಲ್ಲ! ಪಳಗಿಲ್ಲ!” ಎಂದು ಅವನು ಕುಣಿದಾಡಿಬಿಟ್ಟ.

ಸಂಪಾದಕರು ತಲೆಯೆತ್ತಲಿಲ್ಲ. “ಮೆತ್ತಣ್ಣಾ, ಕಾಯಂ ನೌಕರರಿಗೆ ತೊಂದ್ರೆ ಕೊಡಬೇಡಿ. ನೀವು ಆ ಸ್ಟೂಲ್ ಎಳ್ಕೊಳ್ಳಿ.”