ಮಾಮಾ ಹರಿದ ಕಾಗದ

ಇಂಗ್ಲಿಷಿನಲ್ಲಿ ಬರೆದ ಯಾವ ಕಾಗದವೂ ನಮ್ಮ ಮಾಮಾನ ಕೈಯಿಂದ ಇಡಿಯಾಗಿ ಹೊರಬಂದದ್ದಿಲ್ಲ. ಉತ್ಪ್ರೇಕ್ಷೆ ಎನ್ನಬೇಡಿ, ಆ ತುಂಡುಗಳನ್ನು ಕೂತು ಆರಿಸಿದವನು ನಾನು. ಈಗಲೂ ನೆನೆದರೆ ಸೊಂಟ ನೋಯುತ್ತದೆ!

ಮಾಮಾ ಎಂದರೆ ಅವ್ವನ ತಮ್ಮ. ಝಳಕಿಯ ನಮ್ಮ ಮನೆಯಲ್ಲೇ ಇದ್ದ. ಹತ್ತನೆಯ ಇಯತ್ತೆಯ ಇಂಗ್ಲಿಷಿನಲ್ಲಿ ನಪಾಸಾದವರಿಗೆ ಪಡಸಾಲೆಯಲ್ಲಿ ಪಾಠ ಹೇಳುತ್ತಿದ್ದ. ಅದಕ್ಕೆ ಹಲಗೆ ಬೇಡ, ಪುಸ್ತಕ ಬೇಡ. ಲಿಂಬೆಹಣ್ಣಿನ ಎರಡು ಖಾಲಿ ಬುಟ್ಟಿ ಸಾಕು. ರದ್ದಿ ಕಾಗದದಿಂದ ಒಂದೊಂದೇ ವಾಕ್ಯವನ್ನು ಪಟ್ಟಿಯಾಗಿ ಕತ್ತರಿಸುವುದು, ಪಟ್ಟಿಯನ್ನು ನಡುವೆ ಹರಿಯುವುದು. ಯಾರ ವಿಷಯ ಹೇಳುತ್ತಿದ್ದಾರೋ ಆ ತುಂಡು ಸಬ್ಜೆಕ್ಟ್, ಎಡಬುಟ್ಟಿಗೆ. ಅವರ ಬಗ್ಗೆ ಏನು ಹೇಳಿದ್ದಾರೋ ಅದು ಪ್ರೆಡಿಕೇಟ್, ಬಲಬುಟ್ಟಿಗೆ.

"ಇಡೀ ರೊಟ್ಟಿ ಬಾಯಾಗ ತುರುಕಿದ್ರ ನುಂಗಾಕ ಬರ್ತೇತೇನು? ಹರಕೊಂಡ ತಿನ್ನಬೇಕು. ಇಂಗ್ಲಿಷೂ ಹಂಗ," ಎನ್ನುತ್ತಿದ್ದ. ತಾನೇ ನಾಲ್ಕು ಸಲ ಇಂಗ್ಲಿಷಿನಲ್ಲಿ ಬಿದ್ದು ಎದ್ದವನು.

ಒಮ್ಮೆ ಓಣಿಯ ಗೌಡರು ಬಂದು ಮಗಳ ಮದುವೆಯ ಇಂಗ್ಲಿಷ್ ಕಾರ್ಡು ಕೊಟ್ಟರು. ಅವರು ಚಹಾ ಕುಡಿದು ಮುಗಿಸುವಷ್ಟರಲ್ಲಿ ಮಗಳು ಎಡಬುಟ್ಟಿಯಲ್ಲಿ, ಅಳಿಯ ಬಲಬುಟ್ಟಿಯಲ್ಲಿ!

"ತಲಿಮ್ಯಾಲ ಅಕ್ಕಿಕಾಳು ಬೀಳೂದರಾಗ ಇಬ್ಬರನೂ ಬಿಡಿಸಿದೆಲ್ಲೋ!" ಎಂದು ಗೌಡರು ಎದ್ದು ನಿಂತರು.

"ಸಿಟ್ಟಾಗಬ್ಯಾಡ್ರಿ ಗೌಡ್ರ. ಹೆಣ್ಣು ಸಬ್ಜೆಕ್ಟ್ ಅದಾಳ. ಗಂಡಾ ಆಕಿ ಹಿಂದ ಪ್ರೆಡಿಕೇಟಿನ್ಯಾಗ ಬರ್ತಾನ."

ಗೌಡರು ಸ್ವಲ್ಪ ಯೋಚಿಸಿ ಕೂತರು. "ನಮ್ಮ ಮನ್ಯಾಗೂ ಹಂಗ ಐತಿ ಬಿಡು."

ಆಗ ನಾನೂ ನಕ್ಕಿದ್ದೆ. ಆಮೇಲಿನದಕ್ಕೆ ನಗು ಬರಲಿಲ್ಲ.

ನನ್ನ ತಂಗಿ ಎರಡು ಸಲ ಇಂಗ್ಲಿಷಿನಲ್ಲಿ ಬಿದ್ದು, ಮಾಮಾನ ಬುಟ್ಟಿಗಳ ಮುಂದೆ ಕೂತು ಮೂರನೆಯ ಸಲ ಪಾಸಾಗಿದ್ದಳು. ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಿ ದಿನವೂ ಅಂಚೆಯ ದಾರಿ ಕಾಯುತ್ತಿದ್ದಳು. ಒಂದು ರವಿವಾರ ಸಂತೆಗೆ ಹೋದ ನಮ್ಮಿಬ್ಬರಿಗೂ ಪೋಸ್ಟಿನವರು ಸಿಕ್ಕು, ತಂಗಿಗೆ "ನಿನ್ನೆ ನಿಮ್ಮ ಮಾಮಾನ ಕೈಯಾಗ ಕೊಟ್ಟಿದ್ನೆಲ್ಲವಾ, ನಿನ್ನ ಕಾಗದಾ?" ಎಂದರು.

ಓಡಿ ಬಂದೆವು. ಲಕೋಟೆ ಇತ್ತು. ಕಾಗದ ಇರಲಿಲ್ಲ.

"ಮಾಮಾ, ಏನ ಬರದಿದ್ರು ಅದರಾಗ?"

"ಅರ್ಥ ಯಾರ ನೋಡ್ಯಾರೋ ತಮ್ಮಾ? ಎಲ್ಲಿ ಹರೀಬೇಕು, ಅಷ್ಟ ನೋಡಿದ್ದೆ!"

ಎರಡೂ ಬುಟ್ಟಿಗಳನ್ನು ನೆಲಕ್ಕೆ ಸುರಿದೆವು. ಒಂದೇ ಟೈಪಿನ, ಒಂದೇ ಬಣ್ಣದ ತುಂಡುಗಳು, ಎಷ್ಟು ವರ್ಷದವೋ! ಒಂದು ತಾಸಿನ ಮೇಲೆ ಎಡರಾಶಿಯಲ್ಲಿ 'ಆಯ್ಕೆಯಾದ ಅಭ್ಯರ್ಥಿ' ಎಂಬ ಅರ್ಥದ ತುಂಡು ಸಿಕ್ಕಿತು. ಅದರಲ್ಲೇ ತಂಗಿಯ ಹೆಸರು. ಅವ್ವ ದೇವರಿಗೆ ಕೈ ಮುಗಿದಳು. ಆದರೆ ಆಯ್ಕೆಯಾದವಳು ಯಾವತ್ತು ಹೋಗಬೇಕು? ಅದು ಬಲರಾಶಿಯಲ್ಲಿತ್ತು. ತಂಗಿ ಬಲರಾಶಿಯ ಒಂದೊಂದೇ ತುಂಡನ್ನು ಅಂಚಿಗೆ ಹಿಡಿದು ನೋಡಿದಳು, ಕೆಳಗಿಟ್ಟಳು. ಮಾಮಾ ಅವಳ ಎದುರಿಗೆ ಕೂತು ಅದನ್ನೇ ಮಾಡುತ್ತಿದ್ದ.

ಹೊತ್ತು ಇಳಿಯುವ ಮುಂಚೆ ಅವನೇ ಒಂದು ತುಂಡು ಎತ್ತಿದ. ಹರಿದ ಅಂಚಿಗೆ ಅಂಚು ಕೂತಿತು. ಸೋಮವಾರ, ಬೆಳಿಗ್ಗೆ ಹತ್ತು ಗಂಟೆಯೊಳಗೆ ಹಾಜರಾಗಬೇಕು. ಅಂದರೆ ನಾಳೆ!

ಅನ್ನದ ಅಗುಳು ಹಚ್ಚಿ ಅಂಟಿಸಿದ ಆ ಕಾಗದ ಹಿಡಿದು ತಂಗಿ ಮೊದಲ ಬಸ್ಸಿಗೆ ಹೋದಳು. ಅಲ್ಲಿನ ಗುಮಾಸ್ತರು ತಿರುಗಿಸಿ ತಿರುಗಿಸಿ ನೋಡಿ, "ಇಲಿ ಕಡಿತೇನವಾ?" ಎಂದರಂತೆ.

"ಇಲ್ರಿ. ನಮ್ಮ ಮಾಮಾ."

ಅವಳು ನರ್ಸಾದಳು. ಕೆಲವು ವರ್ಷಗಳ ಮೇಲೆ ಮಾಮಾನಿಗೆ ಲಕ್ವಾ ಹೊಡೆಯಿತು. ಇಂಡಿ ಪಟ್ಟಣದಲ್ಲಿ ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ ಸೇರಿಸಿದೆವು. ಬಲಗೈ ಏಳಲಿಲ್ಲ, ಮಾತು ತೊದಲಿತು. ಮೂರನೆಯ ದಿನ ಅವ್ವ ರೊಟ್ಟಿ ತಂದು ಮುಂದಿಟ್ಟಳು. ಮಾಮಾ ಒಂದೇ ಕೈಯಲ್ಲಿ ಅದನ್ನು ಹರಿಯಲು ನೋಡಿದ. ಆಗಲಿಲ್ಲ. ತಾಟು ಸರಿಸಿ ಗೋಡೆಗೆ ಮುಖ ಮಾಡಿ ಮಲಗಿದ.

ತಂಗಿ ಬಂದಳು. ಮಂಚದ ಅಂಚಿಗೆ ಕೂತು ರೊಟ್ಟಿ ಹರಿದಳು. "ಈ ಕಡೆ ನೋಡು ಮಾಮಾ. ಇದು ಸಬ್ಜೆಕ್ಟ್."

ಮಾಮಾ ತಿರುಗಿ ಬಾಯಿ ತೆರೆದ.

ಎರಡನೆಯ ತುಂಡನ್ನು ಬೇಳೆಯಲ್ಲಿ ಅದ್ದಿ ಕೇಳಿದಳು: "ಇದು?"

ಅವನ ತುಟಿ ಒಂದು ಕಡೆಗಷ್ಟೇ ಅಲುಗಿತು. "ಪ್ರೆ..." ಎಂದ. ನಿಂತ. ಮತ್ತೆ "ಪ್ರೆ..." ಎಂದ.

ಬೇಳೆ ತೊಟ್ಟಿಕ್ಕಿ ಅವಳ ಬಿಳಿಯ ಸೀರೆಗೆ ಕಲೆಯಾಗುತ್ತಿತ್ತು. ಅವನು ಪೂರ್ತಿ ಹೇಳುವವರೆಗೂ ಅವಳು ಕೈ ಇಳಿಸಲಿಲ್ಲ.